ಘೇಂಡಾಮೃಗದ ಮರಿಯ ಸುದ್ದಿ

ಆ ದಿನ ಮೆಲ್ಬರ್ನ್‌ನಲ್ಲಿ ಮಳೆ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ನನ್ನ ನೆನಪಿನಲ್ಲಿ ಜಿಟಿಜಿಟಿ ಹನಿಯುತ್ತಿದೆ. ಬಹುಶಃ ಆಮೇಲೆ ನಾನೇ ಸೇರಿಸಿಕೊಂಡ ಮಳೆ.

ಅದಕ್ಕೆ ಮೂರು ವಾರ ಮೊದಲು, ಸಿಡ್ನಿಯಲ್ಲಿ, ಐದು ತಿಂಗಳು ತುಂಬುವ ಹೊತ್ತಿಗೆ ನಮ್ಮ ಮಗು ಅವಳ ಹೊಟ್ಟೆಯಲ್ಲೇ ಸತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಸೋಮವಾರ ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಯಾರೋ ವೀಕೆಂಡ್ ಹೇಗಿತ್ತು ಎಂದಾಗ ಚೆನ್ನಾಗಿತ್ತು ಎಂದೆ. ಮೆಲ್ಬರ್ನ್ ಟಿಕೆಟ್ ಮೊದಲೇ ಬುಕ್ ಆಗಿತ್ತು. ಅಲ್ಲಿದ್ದ ನಮ್ಮ ಪರಿಚಯದ ಹುಬ್ಬಳ್ಳಿಯ ಆಂಟಿಗೆ ತಿಳಿಸಿದೆಯಾ ಎಂದು ಹೆಂಡತಿ ಕೇಳಿದಾಗ ಹೂಂ ಅಂದೆ. ತಿಳಿಸಿರಲಿಲ್ಲ.

ಆಂಟಿ ನಮ್ಮನ್ನು ಊರಾಚೆಯ ಘೇಂಡಾಮೃಗಗಳ ರಕ್ಷಣಾಧಾಮಕ್ಕೆ ಕರೆದೊಯ್ದರು. ಗೇಟಿನಲ್ಲೊಂದು ಬೋರ್ಡು: ಇಲ್ಲಿನ ಘೇಂಡಾಮೃಗದ ಮರಿ ಹುಟ್ಟುವಾಗಲೇ ಸತ್ತಿದೆ, ನಾವೆಲ್ಲ ದುಃಖದಲ್ಲಿದ್ದೇವೆ. ಕೆಳಗೆ ಜನ ಹೂವಿಟ್ಟಿದ್ದರು. ಆಂಟಿ ಹೆಂಡತಿಯ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಬಸರಿ ಹೆಣ್ಮಗಳು ಇಂಥಾದ್ದು ಓದಬಾರದವ್ವಾ. ನಡಿ ನಡಿ."

ಅವಳು ನನ್ನತ್ತ ನೋಡಿದಳು. ನಾನು ಟಿಕೆಟ್ ಸಾಲಿನತ್ತ ನೋಡಿದೆ.

ಒಳಗೆ, ಬೇಲಿ ಪಕ್ಕದ ಬೆಂಚಿನ ಮೇಲೆ ಆಂಟಿ ಶೇಂಗಾ ಹೋಳಿಗೆಯ ಡಬ್ಬಿ ಬಿಚ್ಚಿದರು. ಆಮೇಲೆ ಚೀಲದಿಂದ ಸೀಮಂತದ ಸಾಮಾನು: ತೆಂಗಿನಕಾಯಿ, ಖಣ, ಹಸಿರು ಬಳೆ.

"ಕುಬಸ ಮಾಡಾಕ ನಿಮ್ಮವ್ವ ಇಲ್ಲಿಲ್ಲ, ನಾನರ ಬಳಿ ಇಡಸ್ತೀನಿ. ಎಷ್ಟ್ ದಪ್ಪ ಜಾಕೆಟ್ ಹಾಕೀಯವ್ವಾ, ಹೊಟ್ಟೀನ ಕಾಣವಲ್ದು."

ಇಲ್ಲಿ ನಾನು ಬಾಯಿ ತೆರೆದೆ ಎಂದು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. ಮಾತಾಡಿದವಳು ಅವಳು.

"ಮಗು ಹೋಯ್ತು ಆಂಟಿ. ಮೂರು ವಾರ ಆಯ್ತು. ಇವನು ಹೇಳಿಲ್ಲ ಅಲ್ವಾ?"

ಆಂಟಿ ಬಳೆಗಳನ್ನು ಚೀಲಕ್ಕೆ ತುರುಕತೊಡಗಿದರು. "ಎಂಥಾ ಮನಷ್ಯಾನೋ ನೀ," ಎಂದರು ನನಗೆ, ಮೆಲ್ಲಗೆ.

ಹೆಂಡತಿ ಅವರ ಕೈ ಹಿಡಿದಳು. "ಒಳಗಿಡ್ಬೇಡಿ. ತೊಡಿಸಿ. ಐದು ತಿಂಗಳು ಇತ್ತಲ್ಲ."

"ಹಂಗ ಮಾಡಬಾರದವ್ವಾ."

"ಇಲ್ಲಿ ಪ್ರಾಣಿಗೂ ಬೋರ್ಡ್ ಹಾಕಿದಾರೆ ಆಂಟಿ."

ಆಂಟಿ ಒಂದೊಂದಾಗಿ ಏರಿಸಿದರು. ಅತ್ತವರು ಅವರೇ. ಬೇಲಿಯಾಚೆ ಘೇಂಡಾಮೃಗ ನಮಗೆ ಬೆನ್ನು ಹಾಕಿ ಮೇಯುತ್ತಿತ್ತು. ಅದರ ಕಣ್ಣಲ್ಲಿ ದುಃಖವಿತ್ತು ಎಂದು ಬರೆಯಲಾರೆ, ಕಣ್ಣೇ ಕಾಣಲಿಲ್ಲ.

ಎರಡನೆಯ ಕೈಯನ್ನೂ ಚಾಚುತ್ತ ಹೆಂಡತಿ ನನಗೆ ಹೇಳಿದಳು: "ನಿಮ್ಮಮ್ಮಂಗೆ ಫೋನ್ ಮಾಡು. ಈಗ, ನನ್ನೆದುರಿಗೆ."

ಇಂಡಿಯಾದಲ್ಲಿ ಇನ್ನೂ ಬೆಳಗ್ಗೆ. ಅಮ್ಮ ಎರಡೇ ರಿಂಗಿಗೆ ಎತ್ತಿದರು.

"ಏನೋ ಇಷ್ಟು ಬೇಗ? ಅವಳು ಸರಿಯಾಗಿ ತಿಂತಾ ಇದಾಳೆ ತಾನೆ?"