ಬೈಬಾಲ್ ಅಗೆದ ಮಂಜುಗುಂಡಿಗಳು

ದೂರದ ಉತ್ತರದ ಹಿಮನಾಡಿನಲ್ಲಿ, ಲೆನಾ ನದಿಯಾಚೆಯ ಆ ಊರಲ್ಲಿ ಮಂಜುಗುಂಡಿ ಅಗೆಯುವವನು ಬೈಬಾಲ್ ಒಬ್ಬನೇ. ಅಲ್ಲಿ ಎರಡಾಳು ಆಳಕ್ಕೆ ಹೋದರೆ ಬೇಸಿಗೆಯಲ್ಲೂ ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತಿತ್ತು. ಬೆಂಕಿ ಹಾಕಿ ಮಣ್ಣು ಮೆತ್ತಗೆ ಮಾಡಿ ಹಾರೆಯಲ್ಲಿ ಅಗೆಯುತ್ತಿದ್ದ. ಊರವರ ಮಾಂಸ, ಮೀನು, ಕುಡಿಯುವ ನೀರಿಗೆಂದು ಕೆರೆಯಿಂದ ಕೊಯ್ದು ತಂದ ಮಂಜುಗಡ್ಡೆ, ಎಲ್ಲ ಆ ಗುಂಡಿಗಳಲ್ಲೇ. ಚಳಿಗಾಲದಲ್ಲಿ ಮುಚ್ಚಳ ತೆಗೆದು ಗುಂಡಿಗೆ ಚಳಿ ಕುಡಿಸಬೇಕು, ಏಪ್ರಿಲ್ ಬಂದರೆ ಬಿಗಿಯಾಗಿ ಮುಚ್ಚಬೇಕು. ಈ ವಿಷಯದಲ್ಲಿ ಅವನ ಮಾತೇ ಕೊನೆ.

ಹೋದ ಬೇಸಿಗೆ ಪಕ್ಕದ ಮನೆಯ ವಿಧವೆ ಒಗ್ದೋಳ ಗುಂಡಿಯಲ್ಲಿ ಕುದುರೆಮರಿಯ ಮಾಂಸ ಕೊಳೆಯಿತು. ಅಂಗಡಿಯ ಮುಂದೆ ಹತ್ತು ಜನ ಇದ್ದಾಗಲೇ ಬೈಬಾಲ್ ಕೇಳಿದ.

"ಏನಕ್ಕಾ, ನೊಣಗಳಿಗೆ ಊಟ ಹಾಕ್ಸಿದ್ಯಂತೆ? ಒಂದು ಮುಚ್ಚಳ ಹಾಕೋಕೂ ಆಗಲ್ವಾ?"

"ಮುಚ್ಚಿದ್ದೆ ಕಣಪ್ಪಾ."

"ಮುಚ್ಚಿದ್ರೆ ನಾನು ಅಗೆದ ಗುಂಡಿ ಯಾಕೆ ಕೆಡುತ್ತೆ?"

ಜನ ನಕ್ಕರು. ಆಮೇಲೆ ಒಗ್ದೋ ಮಾಂಸ ಬಡಿಸಿದರೆ ಎಲ್ಲರೂ ಮೊದಲು ಮೂಸಿ ನೋಡುತ್ತಿದ್ದರು.

ಈ ಜುಲೈನಲ್ಲಿ ಬೈಬಾಲ್ ತನ್ನ ಗುಂಡಿಗೆ ಇಳಿದ. ಕೊನೇ ಮೆಟ್ಟಿಲಿಂದ ಕಾಲಿಟ್ಟರೆ ಬೂಟು ಕೆಸರಲ್ಲಿ ಹೂತುಹೋಯಿತು. ಗೋಡೆಯಿಂದ ನೀರು ಇಳಿಯುತ್ತಿತ್ತು. ಮಾಂಸ ನಾರುತ್ತಿತ್ತು. ಇಳಿಯುವ ಮುಂಚೆ ಮುಚ್ಚಳ ಬಿಗಿಯಾಗಿಯೇ ಇತ್ತು. ನಾಲ್ಕಾರು ವರ್ಷದಿಂದ ಬೇಸಿಗೆ ಉದ್ದವಾಗಿತ್ತು. ಹಿಮ ಬೇಗ ಬಿದ್ದು ನೆಲಕ್ಕೆ ಕಂಬಳಿ ಹೊದಿಸಿ, ಚಳಿ ಕೆಳಗಿಳಿಯಲು ಬಿಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೂ ಮಾಂಸವನ್ನು ಕೊಟ್ಟಿಗೆಯ ಹಿಂದೆ ಹೂತು, ಮುಚ್ಚಳಕ್ಕೆ ಬೀಗ ಹಾಕಿದ. ಹೆಂಡತಿಗೂ ಬಾಯಿ ಬಿಡಬೇಡ ಎಂದ.

ಎರಡು ವಾರಕ್ಕೆ ಒಗ್ದೋ ಕೈಗಾಡಿ ತಳ್ಳಿಕೊಂಡು ಬಂದಳು. ಮಗಳ ಮದುವೆಗೆ ಐದೇ ದಿನ. ಗಾಡಿಯ ತುಂಬ ಆಗಷ್ಟೇ ಕೊಯ್ದ ಹಸುವಿನ ಮಾಂಸ.

"ನಿನ್ನ ಗುಂಡೀಲಿ ಇಟ್ಕೊಳಪ್ಪಾ. ನಂದು ಹೇಗಿದ್ರೂ ಕೆಟ್ಟಿದ್ದು. ಬೀಗರ ಮುಂದೆ ಇನ್ನೊಂದ್ಸಲ ಮಾನ ಹೋಗೋದು ಬೇಡ."

"ಬೀಗದ ಕೈ ಕಳೆದುಹೋಗಿದೆ ಅಕ್ಕಾ."

"ಹಾಗಾದ್ರೆ ಕೊಡಲಿ ತಾ, ಒಡೆಯೋಣ. ಬಿಸಿಲು ಏರ್ತಿದೆ."

ಮಾಂಸದ ಮೇಲೆ ನೊಣ ಕೂತಿತು. ಬೈಬಾಲ್ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟ. ಒಗ್ದೋ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದಳು.

"ಮುಚ್ಚಿದ್ಯಾ?"

"ಮುಚ್ಚಿದ್ದೆ ಅಕ್ಕಾ."

"ನಾನೂ ಮುಚ್ಚಿದ್ದೆ."

ಅವನು ಕೈಗಾಡಿ ಹಿಡಿದು ಹೊರಟ. ಫ್ರಿಜ್ ಇದ್ದ ಮನೆಮನೆಯ ಬಾಗಿಲು ತಟ್ಟಿದ. ಪ್ರತಿ ಬಾಗಿಲಲ್ಲೂ, "ನಿನ್ನ ಗುಂಡಿಗೇನಾಯ್ತು?" ಎಂದರು. ಪ್ರತಿ ಬಾಗಿಲಲ್ಲೂ ಅವನು, "ಕರಗಿದೆ. ಒಗ್ದೋ ಅಕ್ಕಂದೂ ಹಾಗೇ ಕರಗಿದ್ದು. ತಪ್ಪು ನಂದು," ಎಂದ. ಒಂದೊಂದು ಮನೆಯಲ್ಲಿ ಒಂದೊಂದು ತುಂಡು ಇಟ್ಟುಕೊಂಡರು.

ಐದನೇ ಮನೆಯ ಸೆಮೆನ್ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ.

"ನಮ್ ಗುಂಡೀಲೂ ಹೋದ ವರ್ಷದಿಂದ ಮೊಣಕಾಲುದ್ದ ನೀರು ಅಣ್ಣಾ. ನೀನು ಅಕ್ಕಂಗೆ ಹಾಗಂದ್ಮೇಲೆ ಯಾರು ಬಾಯಿ ಬಿಡ್ತಾರೆ?"

ಬೈಬಾಲ್ ಬಾಗಿಲಲ್ಲೇ ಟೋಪಿ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.