ಶಾರದಾಬಾಯಿಯವರ ಚುಕ್ಕೆ

ಉಪ್ಪಲ್‌ನಿಂದ ತಾರ್ನಾಕದವರೆಗೆ ಅಣುಗಳ ಚಿತ್ರ ಬರೆದು ಹೊಟ್ಟೆ ಹೊರೆಯುವ ಕಂಪನಿಗಳು ಎಷ್ಟಿದ್ದವೋ ಅಷ್ಟರಲ್ಲೂ ಒಂದು ಕಾಲಕ್ಕೆ ಶಾರದಾಬಾಯಿಯವರ ಚುಕ್ಕೆಯ ಮಹಿಮೆ ಹಬ್ಬಿತ್ತು. ಶಿವನ ಹಣೆಗೆ ಮೂರನೆಯ ಕಣ್ಣು ಹೇಗೋ, ಶಾರದಾಬಾಯಿ ಬರೆದ ಚಿತ್ರದ ಎಡಮೂಲೆಗೆ ಆ ಚುಕ್ಕೆ ಹಾಗೆ. ತಲೆನೋವಿನ ಬಡ ಮಾತ್ರೆಯಾಗಲಿ, ಹದಿನೆಂಟು ಉಂಗುರಗಳ ರಾಕ್ಷಸ ಅಣುವಾಗಲಿ, ಚುಕ್ಕೆಯಿಲ್ಲದೆ ಅವರ ಕೈಯಿಂದ ಹುಟ್ಟಿದ್ದಿಲ್ಲ.

ಚುಕ್ಕೆಯ ಅರ್ಥದ ಬಗ್ಗೆ ಪಂಥಗಳಿದ್ದವು. ಚಹಾ ತರುವ ರಾಯಚೂರಿನ ಯಂಕಮ್ಮನ ಪ್ರಕಾರ ಅದು ದೃಷ್ಟಿಬೊಟ್ಟು. ಮ್ಯಾನೇಜರ್ ರವಿಶಂಕರ್ ಪ್ರಕಾರ ಮೂಢನಂಬಿಕೆ. ಮೈಸೂರಿನಿಂದ ಬಂದ ರೋಹಿತ ಮಾತ್ರ ಅದು ಹಳೆಯ ಕಲಾವಿದರ ಗುಪ್ತ ಸಹಿ ಎಂದು ವಾದಿಸುತ್ತಿದ್ದ. ಎಲ್ಲರೂ ಎಲ್ಲರನ್ನೂ ಕೇಳಿದರು. ಶಾರದಾಬಾಯಿಯವರನ್ನು ಕೇಳುವ ಯೋಚನೆ ಯಾರಿಗೂ ಬರಲಿಲ್ಲ.

ಎರಡು ಸಾವಿರದ ಎರಡನೆಯ ಇಸವಿಯ ಮಾತು. ಶಾರದಾಬಾಯಿಗೆ ಆಗ ಐವತ್ತು. ಇಪ್ಪತ್ತಾರು ವರ್ಷ ತಾರ್ನಾಕದ ಒಂದು ಪ್ರಯೋಗಾಲಯದ ನಕಾಶೆ ವಿಭಾಗದಲ್ಲಿ ಇಳಿಜಾರು ಮೇಜಿನ ಮುಂದೆ ನಿಂತು, ವಿಜ್ಞಾನಿಗಳು ಗೀಚಿ ಕೊಟ್ಟದ್ದನ್ನು ಶಾಯಿಯಲ್ಲಿ ತಿದ್ದಿ ಬರೆದವರು. ಒಂದು ದಿನ ಕಂಪ್ಯೂಟರ್ ಬಂತು, ಇಳಿಜಾರು ಮೇಜುಗಳು ಹರಾಜಾದವು, ಕೈಗೆ ಸ್ವಯಂ ನಿವೃತ್ತಿಯ ಕಾಗದ ಬಂತು. ಕಾಚಿಗೂಡದ ಮನೆಯಲ್ಲಿ ಯಜಮಾನರಾದ ಕಲ್ಯಾಣಪ್ಪನವರು, “ಇನ್ನ ಸುಮ್ನ ಮನ್ಯಾಗ ಕೂಡು” ಎಂದರು. ಆಕೆ ಕೂಡಲಿಲ್ಲ. ಗಲ್ಲಿಯ ಮೂಲೆಯಲ್ಲಿ ಕಂಪ್ಯೂಟರ್ ಕ್ಲಾಸು ಸೇರಿ, ಮಕ್ಕಳ ನಡುವೆ ಕೂತು ಮೌಸು ಹಿಡಿಯುವುದನ್ನು ಕಲಿತು, ಉಪ್ಪಲ್‌ನ ಈ ಕಂಪನಿಗೆ ಬಂದರು. ಮೂರು ತಿಂಗಳ ಪರೀಕ್ಷಾರ್ಥ ನೌಕರಿ. ಮೂರನೆಯ ತಿಂಗಳ ಕೊನೆಗೆ ಕಾಯಂ ಆಗಬೇಕು, ಇಲ್ಲವೇ ಮನೆಯಲ್ಲಿ ಕೂಡಬೇಕು.

ಕೆಲಸದ ಕ್ರಮ ಸರಳ. ಶಾರದಾಬಾಯಿ ಚಿತ್ರ ಬರೆಯುವ ತಂತ್ರಾಂಶದಲ್ಲಿ ಅಣುವನ್ನು ಚಪ್ಪಟೆಯಾಗಿ, ರಂಗೋಲಿಯ ಹಾಗೆ ಬರೆಯುವುದು. ರೋಹಿತ ಅದನ್ನು ಎತ್ತಿ ಮಾಡೆಲಿಂಗ್ ತಂತ್ರಾಂಶಕ್ಕೆ ಹಾಕಿ, ಉಬ್ಬಿಸಿ, ತಿರುಗಿಸಿ, ರೋಗದ ಪ್ರೋಟೀನಿನ ಪೊಟರೆಯಲ್ಲಿ ಅದು ಕೂರುತ್ತದೋ ಇಲ್ಲವೋ ನೋಡುವುದು. ಮೊದಲೆರಡು ತಿಂಗಳು ಬಂದದ್ದು ಬರೀ ಅಚ್ಚಿಗೆ ಹೋಗುವ ಚಿತ್ರಗಳು. ಚುಕ್ಕೆಯನ್ನು ಮುದ್ರಕರು ಧೂಳೆಂದು ಒರೆಸಿಹಾಕಿದರು. ಮೂರನೆಯ ತಿಂಗಳು ಹೊರದೇಶದ ಔಷಧ ಕಂಪನಿಯೊಂದರಿಂದ ಮುನ್ನೂರ ಹನ್ನೆರಡು ಅಣುಗಳು ಬಂದವು. ಮಹಾಯುದ್ಧ ಅಲ್ಲಿಂದ ಶುರು.

ಬರೆಯುವ ತಂತ್ರಾಂಶಕ್ಕೆ ಚುಕ್ಕೆ ಬರೀ ಚುಕ್ಕೆ. ಮಾಡೆಲಿಂಗ್ ತಂತ್ರಾಂಶಕ್ಕೆ ಹಾಗಲ್ಲ. ಅದರ ಶಾಸ್ತ್ರದಲ್ಲಿ ಚುಕ್ಕೆಯೆಂದರೆ ಇಂಗಾಲ. ಒಂಟಿ ಇಂಗಾಲವನ್ನು ಕಂಡು ಕರುಳು ಚುರುಕ್ಕೆಂದು, ಪಾಪ ಎಂದು ಅದಕ್ಕೆ ನಾಲ್ಕು ಹೈಡ್ರೋಜನ್ ಅಂಟಿಸಿಬಿಟ್ಟಿತು. ಅಲ್ಲಿಗೆ ಅದು ಮೀಥೇನ್. ರೋಹಿತ ಕಡತ ತೆರೆದರೆ ಪ್ರತಿ ಔಷಧದ ಪಕ್ಕದಲ್ಲೂ ಒಂದು ಮೀಥೇನ್ ಬಲೂನಿನ ಹಾಗೆ ತೇಲುತ್ತಿತ್ತು. ತೇಲಿದ್ದಷ್ಟೇ ಆಗಿದ್ದರೆ ಸರಿ. ಕಾಚಿಗೂಡ ಸ್ಟೇಷನ್ನಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ, ಔಷಧ ಕೂರಬೇಕಾದ ಪೊಟರೆಯಲ್ಲಿ ಅದೇ ಮೊದಲು ಹೋಗಿ ಕೂತಿತು.

“ಅಮ್ಮಾ, ನಿಮ್ಮ ಔಷಧಕ್ಕೆಲ್ಲ ಗ್ಯಾಸ್ ಆಗಿದೆ!” ಎಂದ ರೋಹಿತ.

ಶಾರದಾಬಾಯಿ ಕನ್ನಡಕ ಏರಿಸಿ ಪರದೆ ನೋಡಿದರು. ತಮ್ಮ ಚುಕ್ಕೆ ನಾಲ್ಕು ಕೈ ಬೆಳೆಸಿಕೊಂಡು ನಿಂತಿತ್ತು. “ಅಯ್ಯ ಇದರ! ಅದು ಕೈಯ ರೂಢಿ ಐತಪ್ಪಾ...”

“ವಿಜ್ಞಾನದ ಕಂಪನೀಲಿ ದೃಷ್ಟಿಬೊಟ್ಟು!” ಹಿಂದೆ ಬಂದು ನಿಂತಿದ್ದ ರವಿಶಂಕರ್ ಆಕೆಯ ಮಾತು ಮುಗಿಯಲು ಬಿಡಲಿಲ್ಲ. “ಇನ್ನೊಂದು ಇಂಥದ್ದಾದರೆ ಕಾಯಂ ಪತ್ರದ ಮಾತು ಮರೆತುಬಿಡಿ ಮೇಡಂ. ರೋಹಿತ್, ದೊಡ್ಡ ಅಣು ಬಿಟ್ಟು ಪಕ್ಕದಲ್ಲಿ ಏನೇ ಸಣ್ಣದಿದ್ದರೂ ಒಂದೇ ಏಟಿಗೆ ಅಳಿಸು.”

“ಹಂಗ ಮಾಡಬ್ಯಾಡ್ರಿ ಸಾಹೇಬ್ರ,” ಎಂದರು ಶಾರದಾಬಾಯಿ. “ಸಣ್ಣವೆಲ್ಲಾ ಕಸ ಅಲ್ರಿ. ಎರಡ ದಿನ ಕೊಡ್ರಿ, ನಾ ಕೈಲೆ ಆರಿಸಿ ತಗೀತೀನಿ.”

“ಕಂಪ್ಯೂಟರ್ ಎರಡು ನಿಮಿಷದಲ್ಲಿ ಮಾಡತ್ತೆ.”

ಮಾಡಿತು. ರೋಹಿತ ಹನ್ನೊಂದು ಸಾಲಿನ ಒಂದು ಪ್ರೋಗ್ರಾಮ್ ಬರೆದ. ಮುನ್ನೂರ ಹನ್ನೆರಡು ಮೀಥೇನ್‌ಗಳು ಉಸಿರೆತ್ತದೆ ಸತ್ತವು. ಗೆದ್ದ ಉತ್ಸಾಹದಲ್ಲಿ ಹೊಸದನ್ನೆಲ್ಲ ಹಳೆಯ ಕಡತಗಳ ಮೇಲೇ ಉಳಿಸಿ ಹೊರದೇಶಕ್ಕೆ ಕಳಿಸಿದ.

ಎಂಟು ದಿನದ ಮೇಲೆ ಬೆಳಿಗ್ಗೆ ಹತ್ತಕ್ಕೆ ಇ-ಮೇಲ್ ಬಂತು. ನಲವತ್ತೊಂದು ಅಣುಗಳು ಲವಣಗಳಂತೆ. ಪಕ್ಕದಲ್ಲಿ ಕ್ಲೋರೈಡೋ ಸೋಡಿಯಮ್ಮೋ ಇರಬೇಕಾದವು. ಅವು ಎಲ್ಲಿ? ಸಂಜೆ ಐದಕ್ಕೆ ಫೋನ್ ಮಾಡುತ್ತೇವೆ, ಅಷ್ಟರಲ್ಲಿ ಸರಿಯಾಗದಿದ್ದರೆ ಒಪ್ಪಂದ ರದ್ದು.

ಸಣ್ಣವೆಲ್ಲ ಕಸ ಅಲ್ಲ ಎಂಬ ಮಾತಿನ ಅರ್ಥ ರೋಹಿತನಿಗೆ ಆಗ ಆಯಿತು. ಮೀಥೇನ್‌ಗಳ ಜೊತೆಗೆ ಅವನ್ನೂ ಆ ಹನ್ನೊಂದು ಸಾಲು ಅಳಿಸಿಹಾಕಿತ್ತು. ಮೂಲ ಕಡತಗಳಿಲ್ಲ. ಅಳಿಸಿದವನು ತಾನು. ಆದರೆ ರವಿಶಂಕರ್ ಬಾಯಲ್ಲಿ ಬರುತ್ತಿದ್ದುದು ಮಾತ್ರ “ಆ ಚುಕ್ಕೆ ಇಡದೆ ಇದ್ದಿದ್ದರೆ...” ಎಂಬ ಒಂದೇ ಪಲ್ಲವಿ. ಕಾಯಂ ಪತ್ರ ಯಾರ ಕೈ ತಪ್ಪಲಿದೆ ಎಂಬುದು ಯಂಕಮ್ಮನಿಗೂ ಗೊತ್ತಾಗಿ, ಆಕೆ ಶಾರದಾಬಾಯಿಯವರ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದಳು.

“ತಪ್ಪು ನಂದಮ್ಮಾ,” ಎಂದ ರೋಹಿತ, ಆಕೆಯ ಮೇಜಿನ ಹತ್ತಿರ ಬಂದು. “ಅದನ್ನ ನಾನೇ ಸಾಹೇಬರಿಗೆ ಹೇಳ್ತೀನಿ.”

“ಹೇಳೂದು ಆಮ್ಯಾಲ ಹೇಳೀಯಂತ. ಮೊದಲ ಈ ಕಪಾಟಿನ ಕೀಲಿ ತಿರುವು, ಭಾಳ ಬಿಗಿ ಐತಿ.”

ಕಪಾಟಿನಲ್ಲಿ ಮುನ್ನೂರ ಹನ್ನೆರಡು ಹಾಳೆಗಳು, ದಾರ ಕಟ್ಟಿ, ಸಂಖ್ಯೆ ಹಾಕಿ, ಎಡಮೂಲೆಯಲ್ಲಿ ಚುಕ್ಕೆ ಸಮೇತ. ಮುಟ್ಟಿ ನೋಡಲಾಗದ ಚಿತ್ರವನ್ನು ಶಾರದಾಬಾಯಿ ನಂಬುವವರಲ್ಲ. ಬರೆದದ್ದನ್ನೆಲ್ಲ ಅಚ್ಚು ತೆಗೆದು ಇಟ್ಟಿದ್ದರು. ಐದಕ್ಕೆ ಉಳಿದದ್ದು ಏಳು ಗಂಟೆ, ಮತ್ತೆ ಬರೆಯಬೇಕಾದದ್ದು ನಲವತ್ತೊಂದು ಅಣು.

ಆದರೆ ಕೈ ಏಳಲಿಲ್ಲ. ಚುಕ್ಕೆ ಇಡಬಾರದೆಂಬ ಎಚ್ಚರದಲ್ಲಿ ಮೌಸು ಹಿಡಿದ ಬೆರಳು ಗಾಳಿಯಲ್ಲೇ ನಿಂತಿತು. ಚುಕ್ಕೆಯಿಲ್ಲದೆ ಮೊದಲ ಗೆರೆ ಹುಟ್ಟದು; ಚುಕ್ಕೆಯಿಟ್ಟರೆ ಗ್ಯಾಸು. ಹತ್ತು ನಿಮಿಷ ಹೋಯಿತು. ಹಣೆಯ ಕುಂಕುಮ ಬೆವರಿಗೆ ಇಳಿಯಿತು. ರೋಹಿತ ನೋಡಿ, ಪಕ್ಕದಲ್ಲಿ ಒಂದು ಖಾಲಿ ಕಡತ ತೆರೆದುಕೊಟ್ಟ.

“ಅಮ್ಮಾ, ಚುಕ್ಕೆ ಇಲ್ಲಿಡಿ. ಚಿತ್ರ ಅಲ್ಲಿ ಬರೀರಿ.”

“ಶಾಣ್ಯಾ ಇದ್ದೀಯಲೋ!” ಎಂದರು ಶಾರದಾಬಾಯಿ. ಆಮೇಲೆ ಆ ಕೈ ನಿಲ್ಲಲಿಲ್ಲ. ಪಕ್ಕದಲ್ಲಿ ಒಂದು ಚುಕ್ಕೆ, ಇಲ್ಲಿ ಒಂದು ಅಣು. ಉಂಗುರ, ಕೊಂಬೆ, ಕ್ಲೋರೈಡು. ಬರೆದದ್ದನ್ನು ರೋಹಿತ ಬಿಸಿಬಿಸಿಯಾಗಿ ಮಾಡೆಲಿಂಗ್‌ಗೆ ಏರಿಸಿದ. ನಾಲ್ಕು ಮುಕ್ಕಾಲಿಗೆ ನಲವತ್ತೊಂದೂ ಮುಗಿದು ಹೊರದೇಶಕ್ಕೆ ಹೊರಟವು.

ಐದಕ್ಕೆ ಫೋನ್ ಬಂತು. ಅತ್ತಲಿನವರಿಗೂ ಕಾಣುವಂತೆ ರವಿಶಂಕರ್ ತಮ್ಮ ಪರದೆಯನ್ನು ಅವರ ಪರದೆಗೆ ಜೋಡಿಸಿ, ಗಡಿಬಿಡಿಯಲ್ಲಿ ಮಾಡೆಲಿಂಗ್ ತಂತ್ರಾಂಶದಲ್ಲಿ ತೆರೆದದ್ದು ಚುಕ್ಕೆಗಳ ಕಡತವನ್ನು. ಪರದೆಯ ತುಂಬ ನಲವತ್ತೊಂದು ಮೀಥೇನ್‌ಗಳು ಗಣಪತಿ ಮೆರವಣಿಗೆಯ ಹಾಗೆ ಕುಣಿದವು.

“ಇದೇನು?” ಎಂದಿತು ಫೋನು.

ರವಿಶಂಕರ್ ಮುಖದ ಬಣ್ಣ ಹೋಯಿತು, ಬುದ್ಧಿ ಹೋಗಲಿಲ್ಲ. “ನಮ್ಮ ಗುಣಮಟ್ಟ ಪರೀಕ್ಷೆ ಸರ್. ಒಂದೊಂದು ಅಣುವಿಗೆ ಒಂದೊಂದು ಗುರುತು.”

ಅತ್ತಲಿನವರು ಎಣಿಸಿದರು. ಸರಿಯಾಗಿ ನಲವತ್ತೊಂದು. ಇಷ್ಟು ಶಿಸ್ತಿನ ಪದ್ಧತಿ ತಮ್ಮಲ್ಲೂ ಇಲ್ಲ ಎಂದು ಮೆಚ್ಚಿ, ಇನ್ನೂ ಆರುನೂರು ಅಣುಗಳನ್ನು ಒಪ್ಪಿಸಿದರು.

ರೋಹಿತ ಅಂದೇ ಹೋಗಿ ಅಳಿಸಿದ ತಪ್ಪು ತನ್ನದೆಂದು ಹೇಳಿದ. ರವಿಶಂಕರ್ ಕಿವಿಗೆ ಅದು ಬೀಳಲಿಲ್ಲ, ಅವರಾಗಲೇ ಭಕ್ತರಾಗಿದ್ದರು. ತಿಂಗಳ ಕೊನೆಗೆ ಕಚೇರಿಯವರನ್ನೆಲ್ಲ ಸೇರಿಸಿ, ಸಮೋಸ ತರಿಸಿ, ಶಾರದಾಬಾಯಿಯವರ ಕೈಗೆ ಕಾಯಂ ಪತ್ರ ಕೊಟ್ಟರು. ಚುಕ್ಕೆಯ ಹಿಂದೆ ನಮ್ಮ ಪರಂಪರೆಯ ಆಳವಾದ ತತ್ವವಿದೆಯೆಂದೂ, ಇನ್ನು ಮುಂದೆ ಎಲ್ಲರೂ ಪ್ರತ್ಯೇಕ ಕಡತದಲ್ಲಿ ಚುಕ್ಕೆಯಿಟ್ಟೇ ಕೆಲಸ ಶುರು ಮಾಡಬೇಕೆಂದೂ ಸಾರಿದರು. ಯಂಕಮ್ಮ ಗೆದ್ದವಳಂತೆ ಸುತ್ತ ನೋಡಿದಳು.

“ಮೇಡಂ, ಆ ತತ್ವ ಏನು ಅಂತ ಹುಡುಗರಿಗೆ ನೀವೇ ಎರಡು ಮಾತು ಹೇಳಬೇಕು.”

ಶಾರದಾಬಾಯಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಆ ಚುಕ್ಕೆಯ ಬಗ್ಗೆ ಒಬ್ಬರು ಆಕೆಯನ್ನು ಕೇಳಿದ್ದು ಇದೇ ಮೊದಲು.

“ಪೆನ್ನಿನ್ಯಾಗ ಶಾಯಿ ಕಟ್ಟತಿತ್ರಿ,” ಎಂದರು. “ಬರ್ತದೋ ಇಲ್ಲೋ ಅಂತ ಮೂಲ್ಯಾಗ ಒಮ್ಮೆ ಒತ್ತಿ ನೋಡ್ತಿದ್ದೆ.”