ಗುಂಡುಕಲ್ಲಿನ ಮೇಲಿನ ನೂರಾ ಅರವತ್ತು

ರಾಜೂರಿನ ಗರಡಿಮನೆಯ ಮುಂದೆ ಒಂದು ಕರಿ ಗುಂಡುಕಲ್ಲಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ‘೧೬೦ ಕಿಲೋ’ ಎಂದು ಬರೆದಿದೆ. ಅದನ್ನು ಹೆಗಲಿಗೆ ಏರಿಸಿದವನು ಹಮಾಲ ಮುರ್ತುಜಾಸಾಬ ಒಬ್ಬನೇ, ಅದೂ ಮೂವತ್ತು ವರ್ಷದ ಹಿಂದೆ. ಬರೆದವನೂ ಅವನೇ. ತೂಗಿದವರು ಮಾತ್ರ ಯಾರೂ ಇಲ್ಲ. ಊರಿನ ಪದ್ಧತಿ ಹಾಗಿದೆ: ಕಲ್ಲನ್ನು ಉರುಳಿಸಬಾರದು, ಹಾರೆ ಹಾಕಬಾರದು, ಎತ್ತಬಲ್ಲವನೇ ಸರಿಸಬೇಕು. ತಕ್ಕಡಿ ತಂದರೂ ಅದರ ಮೇಲೆ ಕಲ್ಲನ್ನಿಡುವ ಗಂಡಸು ಬೇಕಲ್ಲ.

ಎದುರಿನ ಟೇಲರ್ ಅಂಗಡಿ ನನ್ನದು. ಈ ಕಲ್ಲಿನ ಪುರಾಣ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಮುರ್ತುಜಾಸಾಬನಿಗೆ ಈಗ ಅರವತ್ತು ದಾಟಿದೆ. ಕುಂತರೆ ಏಳಲಾರ, ಎದ್ದರೆ ಕೂರಲಾರ. ಆದರೆ ಚಹಾದಂಗಡಿಯಲ್ಲೂ ಎದೆಯುಬ್ಬಿಸಿ ನೂರಾ ಅರವತ್ತು ಎನ್ನದೆ ಚಹಾದ ಬಸಿಗೆ ಕೈ ಹಚ್ಚುವವನಲ್ಲ.

ಈ ವರ್ಷ ಹೈಸ್ಕೂಲಿನವರು ಅವನನ್ನು ಕ್ರೀಡಾಕೂಟಕ್ಕೆ ಮುಖ್ಯ ಅತಿಥಿಯಾಗಿ ಕರೆದರು. ನೂರಾ ಅರವತ್ತು ಕಿಲೋ ಎತ್ತಿದ ವೀರನೆಂದು ಕಾರ್ಡಿನಲ್ಲಿ ಅಚ್ಚು ಹಾಕಿಸುವವರಿದ್ದರು. ಅವನ ಜನ್ಮದಲ್ಲಿ ಯಾರೂ ಅವನಿಗೆ ಕುರ್ಚಿ ಕೊಟ್ಟು ಕೂರಿಸಿದ್ದಿಲ್ಲ. ಹೊಸ ಜುಬ್ಬದ ಎದೆಯನ್ನು ನನ್ನಿಂದ ಎರಡು ಸಲ ಸಡಿಲ ಮಾಡಿಸಿಕೊಂಡ.

ಆಗ ಹೂವಪ್ಪ ಅಡ್ಡ ಬಂದ. ಅವನೂ ಮುರ್ತುಜಾಸಾಬನ ವಾರಿಗೆಯವನು. ಪ್ರಾಯದಲ್ಲಿ ಅದೇ ಕಲ್ಲನ್ನು ತಬ್ಬಿ, ಬೆನ್ನು ಉಳುಕಿಸಿಕೊಂಡು, ಬರಿಗೈಲಿ ಮನೆಗೆ ಹೋದವನು.

“ನಾ ಎತ್ತಲಾರದ ಕಲ್ಲು ಬರೇ ನೂರಾ ಅರವತ್ತಂತ? ಇನ್ನೂರಕ್ಕ ಕಡಿಮಿ ಇಲ್ಲ. ಕಾರ್ಡ್ ಹಾಕೂಕಿಂತ ಮೊದ್ಲ ಅಳೀರಿ ಅಕ್ಕೋರ” ಎಂದು ವಿಜ್ಞಾನ ಕಲಿಸುವ ಭಾರತಿ ಅಕ್ಕೋರಿಗೆ ಗಂಟುಬಿದ್ದ.

“ಯಾಕ ಬೇಕ್ರಿ ಅದೆಲ್ಲಾ” ಎಂದ ಮುರ್ತುಜಾಸಾಬ. ಅವನ ಮುಖ ಸುಣ್ಣದಂತಾಗಿತ್ತು.

ಅಕ್ಕೋರಿಗೆ ಕಲ್ಲನ್ನು ಎತ್ತುವ ಅಗತ್ಯವೇ ಬೀಳಲಿಲ್ಲ. ಹಿಂದೆ ಕಲ್ಲು ನೆಲಕ್ಕೆ ಬಿದ್ದಾಗ ಸಿಡಿದ ಒಂದು ಚೂರು ಮುರ್ತುಜಾಸಾಬನ ಹೆಂಡತಿ ಕಾಶೀಂಬಿಯ ಹತ್ತಿರ ಇತ್ತು; ಅವಳು ಅದರಿಂದ ಬಳ್ಳೊಳ್ಳಿ ಜಜ್ಜುತ್ತಿದ್ದಳು. ಅಕ್ಕೋರು ಅದನ್ನು ತೊಳೆದು ಕಿರಾಣಿ ಅಂಗಡಿಯಲ್ಲಿ ತೂಗಿಸಿದರು: ಮುನ್ನೂರು ಗ್ರಾಂ. ಅಳತೆಯ ಗಾಜಿನ ಪಾತ್ರೆಯ ನೀರಿಗೆ ಇಳಿಬಿಟ್ಟರು: ನೀರು ನೂರು ಮಿಲಿಲೀಟರ್ ಮೇಲೇರಿತು.

“ಮುನ್ನೂರನ್ನ ನೂರರಿಂದ ಭಾಗಿಸಿದ್ರ ಮೂರು. ಇದು ಈ ಕಲ್ಲಿನ ಸಾಂದ್ರತೆ. ನೀರಿಗಿಂತ ಮೂರು ಪಟ್ಟು ಭಾರ, ಒಂದು ಲೀಟರಿನಷ್ಟು ಕಲ್ಲು ಮೂರು ಕಿಲೋ. ಈಗ ಇಡೀ ಗುಂಡು ಎಷ್ಟು ಲೀಟರ್ ಅಂತ ಗೊತ್ತಾದ್ರ ಸಾಕ್ರಿ.”

ಟೇಪು ಹಿಡಿದವನು ನಾನು. ಮೂವತ್ತು ವರ್ಷದಲ್ಲಿ ಎಂಥೆಂಥ ಹೊಟ್ಟೆಗಳನ್ನೋ ಅಳೆದಿದ್ದೇನೆ, ಉಸಿರು ಬಿಗಿಹಿಡಿಯದ ಗಿರಾಕಿ ಇದೊಂದೇ. ಸುತ್ತಳತೆ ನೂರಾ ಮೂವತ್ತು ಸೆಂಟಿಮೀಟರ್ ಬಂತು. ಅಕ್ಕೋರು ಚೆಂಡಿನ ಗಾತ್ರದ ಸೂತ್ರದಿಂದ ಲೆಕ್ಕ ಹಾಕಿ ಸುಮಾರು ಮೂವತ್ತೇಳು ಲೀಟರ್ ಎಂದರು. ಮೂರರಿಂದ ಗುಣಿಸಿದರು.

“ನೂರಾ ಹನ್ನೊಂದು.”

ಮೊದಲು ಕಾಶೀಂಬಿಯೇ ಬಾಯಿ ತೆರೆದಳು. “ಹಂಗಾರ ಇಲ್ಲದ ನಲವತ್ತೊಂಬತ್ತು ಕಿಲೋದ ಬೆನ್ನುನೋವಿಗೆ ನಾ ಸುಮ್ಮನ ಎಣ್ಣಿ ತಿಕ್ಕೀನೇನು?”

ಮುರ್ತುಜಾಸಾಬ ತಲೆ ತಗ್ಗಿಸಿದ. “ಆವತ್ತ ಅಂದಾಜಿನ ಮ್ಯಾಲ ಬರದೆ. ಬರ್ಯಾಕತ್ತಾಗ ಕೈ ಜರಾ ಜಾಸ್ತಿನ ಓಡಿತ್ರಿ ಅಕ್ಕೋರ. ನನ್ನ ಕರೀಬ್ಯಾಡ್ರಿ” ಎಂದ. ನನ್ನ ಅಂಗಡಿಯ ಬೋರ್ಡಿಗೆಂದು ತಂದಿಟ್ಟಿದ್ದ ಬಣ್ಣದ ಡಬ್ಬಿ ಇಸಿದುಕೊಂಡು ಕಲ್ಲಿನ ಮುಂದೆ ಕುಕ್ಕರಿಸಿದ.

ಹೂವಪ್ಪ ಅವನ ಕೈ ಹಿಡಿದ. “ಅಳಿಸಬ್ಯಾಡೋ ಮುರ್ತುಜಾ. ಮೂವತ್ತು ವರ್ಷ ಆತು, ಇನ್ನೂರು ಕಿಲೋಕ್ಕ ಸೋತೆ ಅಂತ ಮನಿಯಾಗ ಹೇಳ್ಕೋತ ಬಂದೀನಿ. ನೂರಾ ಹನ್ನೊಂದಕ್ಕ ಸೋತೆ ಅಂತ ಈಗ ಹ್ಯಾಂಗ ಹೇಳ್ಲಿ?”

ಮುರ್ತುಜಾಸಾಬ ಅವನ ಮುಖ ನೋಡಿದ. ಕೈ ಬಿಡಿಸಿಕೊಂಡು, ಹಳೆಯದರ ಮೇಲೆ ಬಣ್ಣ ಬಳಿದು ‘೧೧೧’ ಎಂದು ಬರೆದ. ಅಕ್ಕೋರು ಕಾರ್ಡಿನಲ್ಲೂ ಅಷ್ಟನ್ನೇ ಹಾಕಿಸಿದರು, ಅತಿಥಿಯನ್ನು ಬದಲಾಯಿಸಲಿಲ್ಲ.

ಮರುದಿನ ಸಂಜೆ ಬಾಗಿಲು ಹಾಕಲು ಹೊರಬಂದೆ. ಹೂವಪ್ಪ ಧೋತರ ಮೇಲೆ ಕಟ್ಟಿ ಕಲ್ಲನ್ನು ತಬ್ಬಿ ನಿಂತಿದ್ದ. ಕಲ್ಲು ಕದಲಲಿಲ್ಲ. ಮುರ್ತುಜಾಸಾಬ ಬಂದು ಹೊಸ ಜುಬ್ಬದ ತೋಳು ಮಡಚಿ ತಾನೂ ಒಂದು ಕಡೆ ಕೈ ಹಾಕಿದ. ಇಬ್ಬರೂ ತಿಣುಕಿದರು, ಬೈದುಕೊಂಡರು, ಬೆವೆತರು.

“ನನಗೂ ಏಳವಲ್ದೋ ಹೂವಪ್ಪ” ಎಂದು ಮುರ್ತುಜಾಸಾಬ ಅಲ್ಲೇ ನೆಲದ ಮೇಲೆ ಕೂತ. “ನಿಮ್ಮ ಮನಿಯಾಗ ಇದನ್ನ ಹೇಳು.”